ಅಂತೆ ಮೇಷ್ಟ್ರು

ಮೂವತ್ತೊಂದು ವರ್ಷ ಒಂದೇ ಶಾಲೆಯಲ್ಲಿ ಪಾಠ ಹೇಳಿದ ಮನುಷ್ಯನೊಬ್ಬ ಅಷ್ಟೂ ಕಾಲದಲ್ಲಿ ಒಂದು ವಾಕ್ಯವನ್ನಾದರೂ ತನ್ನದೆಂದು ಹೇಳಲಿಲ್ಲ ಎಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ಅವರ ತರಗತಿಗೂ ನನ್ನ ತರಗತಿಗೂ ನಡುವೆ ಇದ್ದದ್ದು ಗೋಡೆಯಲ್ಲ, ಆಳೆತ್ತರಕ್ಕೆ ಬಂದು ನಿಂತುಬಿಟ್ಟ ಹಲಗೆಯ ಅಡ್ಡ. ಅದರ ಮೇಲಿಂದ ಅವರ ಮಾತು ನನ್ನ ಪಾಠದೊಳಕ್ಕೂ ನನ್ನ ಮಾತು ಅವರ ಪಾಠದೊಳಕ್ಕೂ ದಿನವೂ ಧಾರಾಳವಾಗಿ ಹರಿದು ಬರುತ್ತಿತ್ತು. ಹಾಗಾಗಿ ಈ ವಿಷಯಕ್ಕೆ ನಾನೇ ಸಾಕ್ಷಿ. ಅವರ ಪ್ರತಿ ವಾಕ್ಯವೂ 'ಅಂತೆ' ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಬಲಿಯ ಪಶುವಿನಲ್ಲಿ ಕುಂದು ಇರಬಾರದಂತೆ, ಮಹಾಯಾಜಕ ವರ್ಷಕ್ಕೊಮ್ಮೆ ಮಾತ್ರ ದೇವಾಲಯದ ಪರದೆಯ ಒಳಗೆ ಹೋಗುತ್ತಿದ್ದನಂತೆ, ರಕ್ತವಿಲ್ಲದೆ ಬರಿಗೈಯಲ್ಲಿ ಹೋಗುವಂತಿರಲಿಲ್ಲವಂತೆ. ಅಂತೆ ಇಲ್ಲದ ದಿನ ಅವರಿಗೆ ಜ್ವರ ಬಂದಿದೆಯೆಂದು ತಿಳಿಯಬೇಕು ಎಂದು ಹುಡುಗರು ನಗುತ್ತಿದ್ದರು, ಮತ್ತು ಅವರು ಇಟ್ಟ 'ಅಂತೆ ಮೇಷ್ಟ್ರು' ಎಂಬ ಹೆಸರು ಹಾಜರಿ ಪುಸ್ತಕವೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಊರ್ಜಿತವಾಗಿತ್ತು.

ಅದು ಸಭಾಪಾಲಕರನ್ನು, ಅಂದರೆ ಪಾದ್ರಿಗಳನ್ನು, ತಯಾರು ಮಾಡುವ ಶಾಲೆ. ಅಲ್ಲಿ ಕಲಿತು ಹೊರಟವರು ಚರ್ಚುಗಳಲ್ಲಿ ಪ್ರಸಂಗ ಮಾಡುವಾಗ ಕರ್ತೃವಿಗೂ ಕ್ರಿಯಾಪದಕ್ಕೂ ಜಗಳ ಬೀಳದಿರಲಿ ಎಂಬ ಉದ್ದೇಶದಿಂದ ನನ್ನನ್ನು ಭಾಷೆ ಕಲಿಸಲು ಇಟ್ಟುಕೊಂಡಿದ್ದರು. ಮೇಷ್ಟ್ರ ವಿಷಯ ನನ್ನದಕ್ಕಿಂತ ದೊಡ್ಡದು. ಯೆಹೂದ್ಯರ ಹಳೆಯ ವಿಧಿಗಳನ್ನು, ಅವರ ಬಲಿ, ಉಪವಾಸ, ಶುದ್ಧಿ, ಸುನ್ನತಿಗಳನ್ನು, ಕ್ರೈಸ್ತಸಭೆಯ ಮೊದಲ ಕೆಲವು ಶತಮಾನಗಳ ವ್ಯಾಖ್ಯಾನಕಾರರು ಹೇಗೆ ಓದಿದರು, ಅದರಿಂದ ರಕ್ಷಣೆಯ ಸಿದ್ಧಾಂತವನ್ನು ಹೇಗೆ ಕಟ್ಟಿದರು ಎಂಬುದನ್ನು ಅವರು ಕಲಿಸುತ್ತಿದ್ದರು. ಆ ವ್ಯಾಖ್ಯಾನಕಾರರಿಗೆ ಹಳೆಯ ವಿಧಿಗಳಲ್ಲಿ ಕಂಡದ್ದೆಲ್ಲ ಮುಂದೆ ಬರಲಿದ್ದ ಒಬ್ಬನ, ಯೇಸುವಿನ, ಗುರುತೇ. ಪಸ್ಕ ಹಬ್ಬದ ಬಲಿಯ ಕುರಿಮರಿಯನ್ನು ಎರಡು ಕೋಲುಗಳಿಗೆ ಅಡ್ಡಡ್ಡವಾಗಿ ಸಿಕ್ಕಿಸಿ ಸುಡುತ್ತಿದ್ದರು, ಆ ಕೋಲುಗಳೇ ಶಿಲುಬೆ ಎಂದ ಒಬ್ಬ. ಯೆಹೂದ್ಯರ ಮೂಲಪಿತನ ಮನೆಯಲ್ಲಿ ಸುನ್ನತಿಯಾದವರು ಮುನ್ನೂರ ಹದಿನೆಂಟು ಮಂದಿ, ಆ ಸಂಖ್ಯೆಯನ್ನು ಗ್ರೀಕರ ಹಾಗೆ ಅಕ್ಷರದಲ್ಲಿ ಬರೆದರೆ ಯೇಸುವಿನ ಹೆಸರಿನ ಮೊದಲೆರಡು ಅಕ್ಷರ ಮತ್ತು ಶಿಲುಬೆಯ ಆಕಾರ ಸಿಗುತ್ತದೆ ಎಂದು ಲೆಕ್ಕ ಹಾಕಿದ ಇನ್ನೊಬ್ಬ. ಪ್ರಾಯಶ್ಚಿತ್ತದ ದಿನ ಒಂದನ್ನು ಕೊಂದು ಇನ್ನೊಂದರ ತಲೆಯ ಮೇಲೆ ಜನರ ಪಾಪವನ್ನೆಲ್ಲ ಹೇರಿ ಕಾಡಿಗೆ ಅಟ್ಟುತ್ತಿದ್ದ ಆ ಎರಡು ಮೇಕೆಗಳು ನೋಡಲು ಒಂದೇ ಥರ ಇರಬೇಕಿತ್ತು, ಏಕೆಂದರೆ ಎರಡೂ ಅವನೇ. ಮೇಷ್ಟ್ರು ಇದನ್ನೆಲ್ಲ ವಿವರಿಸುವಾಗ ಮೇಕೆಯ ಕೊಂಬಿಗೆ ಸುತ್ತಿದ ಕೆಂಪು ಉಣ್ಣೆಯ ಎಳೆಯೂ ಕಣ್ಣಿಗೆ ಕಟ್ಟುತ್ತಿತ್ತು. ಕಟ್ಟುತ್ತಿದ್ದ ಹಾಗೆಯೇ ಅವರು ಅದಕ್ಕೊಂದು ಅಂತೆ ಹಚ್ಚಿ, ತಮಗೂ ಆ ಮೇಕೆಗೂ ಸಂಬಂಧವಿಲ್ಲದವರ ಹಾಗೆ ಪುಟ ತಿರುವುತ್ತಿದ್ದರು.

ವ್ಯಾಕರಣದವನಾದ ನನಗೆ ಇದರಲ್ಲೊಂದು ಚೋದ್ಯ ಕಾಣುತ್ತಿತ್ತು. ನಮ್ಮ ಭಾಷೆಯಲ್ಲಿ ಅಂತೆ ಎರಡು. ಒಂದು ಹೋಲಿಕೆಯದು, ಇನ್ನೊಂದು ಕೇಳಿದ ಮಾತಿನದು. 'ಆ ಕುರಿಮರಿ ಅವನಂತೆ' ಎಂದು ಮೇಷ್ಟ್ರು ಹೇಳಿದಾಗ ಕುರಿಮರಿ ಅವನನ್ನು ಹೋಲುತ್ತದೆ ಎಂದೋ, ಕುರಿಮರಿಯೇ ಅವನು ಎಂದು ಯಾರೋ ಹೇಳಿದ್ದಾರೆ ಎಂದೋ, ಹಲಗೆಯ ಈಚೆಗಿದ್ದ ನನಗೆ ಬಗೆಹರಿಯುತ್ತಿರಲಿಲ್ಲ. ಆದಿಸಭೆಯ ಸಿದ್ಧಾಂತವೆಲ್ಲ ಅಡಗಿರುವುದು ಆ ಎರಡರ ನಡುವೆಯೇ ಎಂದು ನಾನೊಮ್ಮೆ ಚಹಾ ಕುಡಿಯುವಾಗ ತಮಾಷೆ ಮಾಡಿದೆ. ಅವರು ನಗಲಿಲ್ಲ. ಜೇಬಿನಿಂದ ಒಂದು ಕಾಗದದ ಚೂರು ತೆಗೆದು ನನ್ನ ಮಾತನ್ನು ಬರೆದುಕೊಂಡು, ಕೆಳಗೆ ನನ್ನ ಹೆಸರು, ತಾರೀಖು ಹಾಕಿ ಒಳಗಿಟ್ಟುಕೊಂಡರು.

ಆ ಜೇಬುಗಳ ಕೋಟು ಕಂದು ಬಣ್ಣದ್ದು. ಎರಡೂ ಮೊಣಕೈಗಳಿಗೆ ಪುಸ್ತಕದ ರಟ್ಟಿನ ಮೇಲೆ ಅಂಟಿಸುವ ಕರಿಯ ಕ್ಯಾಲಿಕೊ ಬಟ್ಟೆಯ ತೇಪೆ; ಆ ತೇಪೆಯ ಹೊಲಿಗೆ ಎಂಥ ದರ್ಜಿಯನ್ನೂ ನಾಚಿಸುವಷ್ಟು ಬಿಗಿ. ನಡಿಗೆಯೋ ಇನ್ನೂ ವಿಚಿತ್ರ. ಯಾವ ಬಾಗಿಲಿಗೆ ಬಂದರೂ ಅವರು ಒಂದು ಕ್ಷಣ ನಿಂತು ಪಕ್ಕಕ್ಕೆ ಸರಿಯುತ್ತಿದ್ದರು, ಹಿಂದಿನಿಂದ ಬರುವವರಿಗೆ ದಾರಿ ಬಿಡುವ ಹಾಗೆ. ಹಿಂದೆ ಯಾರೂ ಇರುತ್ತಿರಲಿಲ್ಲ. ಹುಡುಗರು ಬೇಕೆಂದೇ ಅವರ ಹಿಂದೆ ನಿಂತು, ಅವರು ಸರಿದಾಗ ತಾವೂ ಸರಿದು, 'ನೀವು ಮೊದಲು' 'ನೀವು ಮೊದಲು' ಎಂದು ಅರ್ಧ ಗಂಟೆಯ ಪಾಠವನ್ನು ಹೊಸ್ತಿಲಲ್ಲೇ ಮುಗಿಸಿದ್ದೂ ಉಂಟು.

ಹೊಸದಾಗಿ ಸೇರಿದ ಹುಡುಗನೊಬ್ಬ, ಇನ್ನೂ ಶಾಲೆಯ ನೀರು ಕುಡಿದು ಹದವಾಗದವನು, ಒಂದು ದಿನ ನೇರವಾಗಿ ಕೇಳಿಬಿಟ್ಟ. ಅವರೆಲ್ಲ ಹಾಗೆ ಹೇಳಿದರು ಸರಿ, ನೀವೇನು ಹೇಳುತ್ತೀರಿ ಸರ್ ಎಂದ. ಹಲಗೆಯ ಈಚೆ ನಾನೂ ಪಾಠ ನಿಲ್ಲಿಸಿದೆ, ನನ್ನ ವಿದ್ಯಾರ್ಥಿಗಳೂ ಕಿವಿ ನಿಮಿರಿಸಿದರು. ಆಚೆ ಕಡೆಯಿಂದ ಬಹಳ ಹೊತ್ತು ಕೇಳಿಸಿದ್ದು ಸೀಮೆಸುಣ್ಣದ ಸದ್ದು ಮಾತ್ರ. ಮೇಷ್ಟ್ರು ಬೋರ್ಡಿನ ಮೇಲೆ ಮತ್ತೊಬ್ಬ ವ್ಯಾಖ್ಯಾನಕಾರನ ಅಭಿಪ್ರಾಯ ಬರೆಯುತ್ತಿದ್ದರು.

ಇದನ್ನು ನಾನು ಬಹಳ ವರ್ಷ ಪುಕ್ಕಲುತನ ಎಂದುಕೊಂಡಿದ್ದೆ. ಅಡ್ಡಗೋಡೆಯ ಮೇಲೆ ದೀಪ ಇಡುವವರ ಜಾತಿಯ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ನಿಜ ಸಂಗತಿಯನ್ನು ನನಗೆ ಹೇಳಿದವರು ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುತ್ತಿದ್ದವರು. ಆಕೆ ಪುಸ್ತಕ ಕಟ್ಟುವವರ ಮಗಳು, ಯೆಹೂದ್ಯರ ಮನೆಯವರು. ಶಾಲೆಯ ಲೈಬ್ರರಿಯ ಹರಿದ ಪುಸ್ತಕಗಳೆಲ್ಲ ಅವರ ಅಪ್ಪನ ಅಂಗಡಿಗೆ ಹೋಗುತ್ತಿದ್ದವು, ಹೊತ್ತುಕೊಂಡು ಹೋಗುತ್ತಿದ್ದವರು ಆಗಿನ್ನೂ ಮೂವತ್ತರೊಳಗಿದ್ದ ನಮ್ಮ ಮೇಷ್ಟ್ರು. ಚೆನ್ನಾಗಿದ್ದ ಪುಸ್ತಕಗಳ ಬೆನ್ನನ್ನೂ ಅವರು ಬೇಕೆಂದೇ ಮುರಿದು ತರುತ್ತಿದ್ದರೆಂದು ಅಕ್ಕ ನಗುತ್ತಾ ಹೇಳುತ್ತಿದ್ದರು. ಮದುವೆಯ ಮಾತು ಬಂದಾಗ ಎರಡು ಕಡೆಯೂ ಬೆಂಕಿ ಬಿತ್ತು. ಆಕೆ ದೀಕ್ಷಾಸ್ನಾನ ತೆಗೆದುಕೊಳ್ಳಲು ಒಪ್ಪಲಿಲ್ಲ, ಇವರೂ ಒತ್ತಾಯಿಸಲಿಲ್ಲ. ಆಗಿನ ಪ್ರಾಂಶುಪಾಲರು ಮೇಷ್ಟ್ರನ್ನು ಕೆಲಸದಿಂದ ತೆಗೆಯುವ ಬದಲು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು: ಇವರು ಎಂದಿಗೂ ವೇದಿಕೆ ಹತ್ತಿ ಪ್ರಸಂಗ ಮಾಡತಕ್ಕದ್ದಲ್ಲ, ಮತ್ತು ತರಗತಿಯಲ್ಲಿ ಪೂರ್ವಿಕರು ಹೇಳಿದ್ದನ್ನು ಬಿಟ್ಟು ಸ್ವಂತ ಅಭಿಪ್ರಾಯವನ್ನು ಬೋಧಿಸತಕ್ಕದ್ದಲ್ಲ. ಮೇಷ್ಟ್ರು ಓದದೆ ಸಹಿ ಹಾಕಿ, ಸಂಜೆಯೇ ಹೋಗಿ ಮದುವೆಯ ದಿನ ಗೊತ್ತು ಮಾಡಿದರು.

ಅಂದರೆ ಆ ಅಂತೆ ಎಂಬುದು ಅವರು ಹೆಂಡತಿಗಾಗಿ ತೆತ್ತದ್ದು. ಮೊದಲು ತರಗತಿಯಲ್ಲಿ ಮಾತ್ರ ಇತ್ತು. ಆಮೇಲೆ ಸ್ಟಾಫ್ ರೂಮಿಗೆ ಬಂತು. ಆಮೇಲೆ ಮನೆಗೂ ಬಂತು. ಹೊರಗೆ ಬಿಸಿಲಿದೆಯಂತೆ ಎಂದು ಬಿಸಿಲಲ್ಲೇ ಬೆವರಿ ಬಂದವರು ಹೇಳುವುದನ್ನು ನಾನೇ ಕೇಳಿದ್ದೇನೆ. ನಿಮಗೆ ಹಸಿವಾಗಿದೆಯಂತಾ ಎಂದು ಅಕ್ಕ ಅವರನ್ನು ಅಣಕಿಸುವರು, ಅವರು ಮುಗುಳ್ನಕ್ಕು ಕೈ ತೊಳೆಯಲು ಏಳುವರು.

ಅಕ್ಕನಿಗೆ ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ಅಪ್ಪನ ನಂತರ ಅಂಗಡಿಯನ್ನು ತಮ್ಮನ ಜೊತೆ ನಡೆಸಿದವರು ಅವರೇ. ಕಿಟಕಿಯ ಹತ್ತಿರ ಹೊಲಿಗೆಯ ಚೌಕಟ್ಟು, ಪಕ್ಕದಲ್ಲಿ ಅಂಟಿಸುವ ಮೈದಾಹಿಟ್ಟಿನ ಸರಿಯ ಡಬ್ಬಿ, ಕಾಲ ಬಳಿ ರಟ್ಟಿನ ಚೂರುಗಳು. ಮೇಷ್ಟ್ರ ಜೇಬಿನ ಕಾಗದದ ಚೂರುಗಳೆಲ್ಲ ಅಲ್ಲಿ ಕತ್ತರಿಸಿ ಬಿದ್ದ ಅಂಚುಗಳೇ. ಹೊಲಿಯುವ ಮುಂಚೆ ಪುಟಗಳನ್ನು ಜೋಡಿಸುವಾಗ ಅಕ್ಕ ಓದುತ್ತಿದ್ದರು, ಮತ್ತು ಆ ಪುಸ್ತಕಗಳಲ್ಲಿ ತಮ್ಮ ಜನರ ಬಗ್ಗೆ ಏನಿದೆಯೆಂದು ಚೆನ್ನಾಗಿ ಬಲ್ಲವರಾಗಿದ್ದರು. ಒಮ್ಮೆ ನಾನು ನಿಘಂಟೊಂದನ್ನು ಕಟ್ಟಿಸಲು ಹೋದಾಗ ಅವರ ತೊಡೆಯ ಮೇಲೆ ದಪ್ಪದೊಂದು ವ್ಯಾಖ್ಯಾನ ಗ್ರಂಥವಿತ್ತು. ಸೂಜಿಗೆ ದಾರ ಪೋಣಿಸುತ್ತಾ ಅವರು ಹೇಳಿದರು: "ನಮ್ಮನ್ನ ಬೈದಿರೋ ಪುಸ್ತಕ ಇದು. ಇನ್ನೂರು ವರ್ಷ ಬಾಳಿಕೆ ಬರೋ ಹಾಗೆ ನಾನೇ ಹೊಲೀತಾ ಇದ್ದೀನಿ ನೋಡಿ."

ವರ್ಷಕ್ಕೊಂದು ದಿನ, ಆ ಪ್ರಾಯಶ್ಚಿತ್ತದ ದಿನ, ಅಕ್ಕ ಅಂಗಡಿ ಮುಚ್ಚಿ ತಮ್ಮವರ ಪ್ರಾರ್ಥನಾಲಯಕ್ಕೆ ಹೋಗುತ್ತಿದ್ದರು. ಹಿಂದಿನ ಸಂಜೆಯಿಂದ ಮರುಸಂಜೆಯ ತನಕ ತೊಟ್ಟು ನೀರೂ ಇಲ್ಲ. ಅದೇ ದಿನ ಮೇಷ್ಟ್ರು ಶಾಲೆಯಲ್ಲಿ ಅದೇ ಉಪವಾಸದ ಪಾಠ ಹೇಳುತ್ತಿದ್ದರು. ಆ ವಿಧಿಯೆಲ್ಲ ನೆರಳಂತೆ, ನಿಜವಸ್ತು ಬಂದ ಮೇಲೆ ನೆರಳಿಗೆ ಕೆಲಸವಿಲ್ಲವಂತೆ, ಯಾಜಕ ವರ್ಷ ವರ್ಷವೂ ಒಳಗೆ ಹೋಗಬೇಕಾಗಿತ್ತು ಎಂಬುದೇ ಆ ಬಲಿ ಸಾಲದೆಂಬುದಕ್ಕೆ ಗುರುತಂತೆ, ಯೇಸು ಒಂದೇ ಸಲ ಎಲ್ಲರಿಗಾಗಿ ಹೋದನಂತೆ. ನೆರಳಿನ ಮಾತು ಬಂದಾಗಲೆಲ್ಲ ಅಕ್ಕ ಛೇಡಿಸುತ್ತಿದ್ದರು. ನಮ್ಮ ಮಾತಿನಲ್ಲಿ ನೆರಳು ಅಂದರೆ ಬಿಸಿಲಲ್ಲಿ ನಡೆದವನು ಕೂತುಕೊಳ್ಳುವ ಜಾಗವೂ ಹೌದಲ್ಲ, ನಿಮ್ಮವರಿಗೆ ಅದು ಹೊಳೆಯಲಿಲ್ಲವೇ ಎನ್ನುತ್ತಿದ್ದರು. ಅವನು ಬರುವ ಮುಂಚೆ ಬದುಕಿದ್ದ ನೀತಿವಂತರ ಗತಿಯೇನು ಎಂದು ಕೇಳಿದರು ಒಂದು ಸಲ, ಊಟಕ್ಕೆ ಕೂತಾಗ. ಅವರಿಗೆ ನೆರಳೇ ಸಾಕಾಗಿತ್ತಂತೆ, ಅವನು ಸತ್ತವರ ಲೋಕಕ್ಕೆ ಇಳಿದು ಅವರನ್ನು ಬಿಡಿಸಿಕೊಂಡು ಬಂದನಂತೆ ಎಂದರು ಮೇಷ್ಟ್ರು. ಅಕ್ಕ ನನ್ನ ಕಡೆ ತಿರುಗಿ, "ನೋಡಿದ್ರಾ, ನಾನು ಎರಡು ಸಾವಿರ ವರ್ಷ ತಡವಾಗಿ ಹುಟ್ಟಿಬಿಟ್ಟೆ" ಎಂದರು. ನಾವು ಮೂವರೂ ನಕ್ಕೆವು.

ಮುಂದೆ ಅಕ್ಕನಿಗೆ ಹೊಟ್ಟೆಯಲ್ಲಿ ರೋಗ ಬಂತು. ಗೊತ್ತಾಗುವ ಹೊತ್ತಿಗೆ ಕೈ ಮೀರಿತ್ತು, ಆಸ್ಪತ್ರೆಯವರು ಮನೆಗೆ ಕಳಿಸಿದರು. ಅಂಗಡಿಯ ಹಿಂದಿನ ಕೋಣೆಯಲ್ಲಿ, ಸರಿಯ ವಾಸನೆ ಬರುವ ಕಡೆಯೇ ತನ್ನ ಮಂಚ ಇರಲಿ ಎಂದರಂತೆ. ಮೇಷ್ಟ್ರು ರಜೆ ಹಾಕಿ ಹಗಲೆಲ್ಲ ಅಲ್ಲೇ ಕೂತರು. ಆ ಕೋಣೆಯಲ್ಲಿ ನಡೆದದ್ದನ್ನು ನಾನು ಕಂಡಿಲ್ಲ. ಅವರು ಹೇಳಿದಷ್ಟನ್ನೇ ಹೇಳಬೇಕು.

ಮಧ್ಯಾಹ್ನ ಕಳೆದಿತ್ತು. ಮೇಷ್ಟ್ರು ಆಕೆಯ ಕೈಯ ಉಗುರು ಕತ್ತರಿಸುತ್ತಿದ್ದರು. ನಲವತ್ತು ವರ್ಷದ ಸರಿ ಉಗುರಿನ ಸಂದಿಯಲ್ಲಿ ಕೂತು ಬಿಟ್ಟಿತ್ತು. ಆಕೆ ಕಣ್ಣು ಮುಚ್ಚಿಕೊಂಡೇ ಕೇಳಿದರು.

"ರೀ, ನಾವು ಮತ್ತೆ ಸಿಗ್ತೀವಾ?"

"ಸಿಗ್ತೀವಂತೆ."

ಆಕೆ ಕಣ್ಣು ತೆರೆದರು. ಕೋಪದಿಂದಲ್ಲ, ಮಗುವೊಂದು ಕತೆಯ ನಡುವೆ ಕೇಳುವ ಹಾಗೆ ಕೇಳಿದರು.

"ಯಾರು ಹೇಳಿದ್ದು?"

ಮೇಷ್ಟ್ರಿಗೆ ಉತ್ತರ ಗೊತ್ತಿತ್ತು: ಅವರು ಅಷ್ಟು ವರ್ಷ ಓದಿದ್ದರಲ್ಲಿ ಯಾರೂ ಹಾಗೆ ಹೇಳಿರಲಿಲ್ಲ. ನಂಬದೆ, ದೀಕ್ಷಾಸ್ನಾನವಿಲ್ಲದೆ, ನೆರಳಿನಲ್ಲೇ ಉಳಿದವರು ಎಲ್ಲಿ ಹೋಗುತ್ತಾರೆಂದು ಅವರೆಲ್ಲ ಹೇಳಿದ್ದರು, ಮತ್ತು ಆ ಜಾಗವನ್ನು ಮೇಷ್ಟ್ರು ಪ್ರತಿ ವರ್ಷ ಬೋರ್ಡಿನ ಮೇಲೆ ಅಚ್ಚುಕಟ್ಟಾಗಿ ಬರೆದಿದ್ದರು. ಅವರ ಕತ್ತರಿ ಬೆರಳ ಮೇಲೆ ಹಾಗೆಯೇ ನಿಂತಿತು. ಅಕ್ಕ, "ಇರ್ಲಿ ಬಿಡಿ, ಉಗುರು ಕತ್ತರಿಸಿ" ಎಂದರು. ಆಮೇಲೆ ನಾಲ್ಕು ದಿನ ಬದುಕಿದ್ದರು. ಅರ್ಧ ಹೊಲಿದಿಟ್ಟ ಪುಸ್ತಕಗಳ ಬಗ್ಗೆ, ತಮ್ಮನ ಮಗಳ ಓದಿನ ಬಗ್ಗೆ, ಮೇಷ್ಟ್ರ ಕೋಟಿನ ಬಗ್ಗೆ ಮಾತಾಡಿದರು. ಆ ಪ್ರಶ್ನೆಯನ್ನು ಮತ್ತೆ ಎತ್ತಲಿಲ್ಲ. ಮೇಷ್ಟ್ರ ಪಾಲಿಗೆ ಆ ನಾಲ್ಕು ದಿನವೇ ಎಲ್ಲಕ್ಕಿಂತ ದೊಡ್ಡ ಶಿಕ್ಷೆಯಾಯಿತು. ಹೇಳಲು ಸಮಯವಿತ್ತು, ಆಕೆಯ ಕಿವಿಯೂ ಕೇಳಿಸುತ್ತಿತ್ತು, ಇವರ ಬಾಯಿ ಮಾತ್ರ ಬಿಡಲಿಲ್ಲ.

ಅಕ್ಕನನ್ನು ಅವರ ಜನರ ಸ್ಮಶಾನದಲ್ಲಿ ಮಣ್ಣು ಮಾಡಿದರು. ಶಾಲೆಯ ಸ್ಮಶಾನ ಊರಿನ ಇನ್ನೊಂದು ತುದಿಯಲ್ಲಿತ್ತು.

ಹತ್ತು ದಿನ ಕಳೆದು ಮೇಷ್ಟ್ರು ಕೆಲಸಕ್ಕೆ ಬಂದರು. ಸ್ಟಾಫ್ ರೂಮಿನಲ್ಲಿ ನಾನೊಬ್ಬನೇ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದೆ. ಅವರು ಎದುರಿಗೆ ಕುರ್ಚಿ ಎಳೆದುಕೊಂಡು, ಈ ಸಂಗತಿಯನ್ನೆಲ್ಲ ಪಾಠ ಒಪ್ಪಿಸುವ ಧ್ವನಿಯಲ್ಲಿ ಹೇಳಿ, ಕೊನೆಗೆ ನನ್ನನ್ನು ಕೇಳಿದರು.

"ನೀವು ವ್ಯಾಕರಣದವರು. ಸಿಗ್ತೀವಂತೆ ಅನ್ನೋದರಲ್ಲಿ ಆ ಪ್ರತ್ಯಯ ತೆಗೆದುಬಿಟ್ಟರೆ ಉಳಿಯೋದು ಯಾರ ಮಾತು? ನನ್ನದೇ ತಾನೆ?"

ದೇವರಾಣೆಯಾಗಿ ಹೇಳುತ್ತೇನೆ, ಆ ಹೊತ್ತಿಗೆ ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ ನನಗೆ ಗೊತ್ತಿಲ್ಲ. ಮನುಷ್ಯ ಮುಳುಗುತ್ತಾ ಕೈ ಚಾಚಿದ್ದಾನೆ, ನಾನು ಕೆಂಪು ಪೆನ್ನು ಹಿಡಿದಿದ್ದೆ. "ಅದು ಪ್ರತ್ಯಯ ಅಲ್ಲ ಮೇಷ್ಟ್ರೇ, ಅವ್ಯಯ" ಎಂದೆ. ಅವರು ತಲೆಯಾಡಿಸಿ, ಚೂರು ಕಾಗದ ತೆಗೆದು ಅದನ್ನೂ ಬರೆದುಕೊಂಡರು. ಹೌದು ನಿಮ್ಮದೇ ಮಾತು ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆಮೇಲೆ ನೂರು ಸಲ ಹೇಳಬೇಕೆಂದು ಹೋಗಿ ಚಹಾ ಕುಡಿದು ಬಂದಿದ್ದೇನೆ.

ಆಮೇಲಿನ ಮೂರು ವರ್ಷ ಮೇಷ್ಟ್ರು ಒಂದೇ ಕೆಲಸ ಮಾಡಿದರು. ಹೆಂಡತಿಗೆ ಹೇಳಿಬಿಟ್ಟಿದ್ದ ಮಾತಿಗೆ ಹೇಳಿದವನೊಬ್ಬನನ್ನು ಹುಡುಕತೊಡಗಿದರು. ಯಾರಾದರೂ ಒಬ್ಬ ಪೂರ್ವಿಕ, ಎಲ್ಲೋ ಒಂದು ಪತ್ರದ ಮೂಲೆಯಲ್ಲಿ, ಯಾವುದೋ ಪ್ರಸಂಗದ ನಡುವೆ, ಹೀಗೆ ಇದ್ದವಳೂ ಸಿಗುತ್ತಾಳೆ ಎಂದು ಅಂದಿದ್ದರೆ ಸಾಕು, ಆಗ ಆ ದಿನ ತಾನು ಆಡಿದ್ದು ಸುಳ್ಳಾಗುವುದಿಲ್ಲ, ಯಾರು ಹೇಳಿದ್ದು ಎಂಬುದಕ್ಕೆ ಉತ್ತರ ಸಿಗುತ್ತದೆ. ಪಾಠ ಮುಗಿದದ್ದೇ ಲೈಬ್ರರಿ. ಓದುತ್ತಿದ್ದದ್ದು ಹೆಚ್ಚಾಗಿ ಆಕೆಯೇ ಹೊಲಿದ ಸಂಪುಟಗಳನ್ನು. ಊಟ ಮರೆತರು, ಗಡ್ಡ ಬಂತು, ಕೋಟಿನ ಜೇಬುಗಳು ಕಾಗದದ ಚೂರುಗಳಿಂದ ಉಬ್ಬಿ ಹೊಲಿಗೆ ಬಿಟ್ಟವು. ವಿವೇಕಕ್ಕೆ ತಕ್ಕಂತೆ ಬಾಳಿದವರನ್ನೆಲ್ಲ ಕ್ರೈಸ್ತರೆಂದೇ ಎಣಿಸಿದ ಒಬ್ಬ ಸಿಕ್ಕ. ಆದರೆ ಅವನ ಉದಾರತೆಯೆಲ್ಲ ಯೇಸು ಬರುವ ಮೊದಲೇ ಸತ್ತವರಿಗೆ. ಹಳೆಯ ವಿಧಿಗಳನ್ನು ಬಿಡದವರಿಗೂ ರಕ್ಷಣೆಯುಂಟು ಎಂದದ್ದು ಸಿಕ್ಕಿತು; ಆದರೆ ಅವರು ಯೇಸುವನ್ನು ನಂಬಿದ್ದರೆ ಮಾತ್ರ ಎಂದು ಮುಂದಿನ ಸಾಲಿನಲ್ಲೇ ಇತ್ತು. ಪ್ರತಿ ಬಾಗಿಲೂ ಒಂದು ಗೇಣು ತೆರೆದು ಮುಚ್ಚಿಕೊಳ್ಳುತ್ತಿತ್ತು.

ಕೊನೆಗೊಮ್ಮೆ ನನ್ನ ಮನೆಗೇ ಬಂದರು, ಬೆಳಗಿನ ಹೊತ್ತು. ಒಬ್ಬ ಸಿಕ್ಕಿದ್ದಾನೆ ಎಂದರು. ಅಂತ್ಯದಲ್ಲಿ ಎಲ್ಲವೂ, ಎಲ್ಲರೂ, ದೇವರ ಬಳಿಗೆ ಮರಳುತ್ತಾರೆ, ಯಾರೂ ಹೊರಗುಳಿಯುವುದಿಲ್ಲ ಎಂದು ಬರೆದವನು. ಆ ಕಾಲದ ದೊಡ್ಡ ಪಂಡಿತ. ನನಗೆ ಎಷ್ಟು ಸಂತೋಷವಾಯಿತೆಂದರೆ ಒಳಗೆ ಹೋಗಿ ಹೆಂಡತಿಗೂ ಹೇಳಿದೆ. ತಿರುಗಿ ಬಂದರೆ ಮೇಷ್ಟ್ರ ಮುಖದಲ್ಲಿ ಸಂತೋಷದ ಸುಳಿವಿಲ್ಲ. ಆ ಪಂಡಿತ ಸತ್ತು ಮುನ್ನೂರು ವರ್ಷವಾದ ಮೇಲೆ ಕ್ರೈಸ್ತಸಭೆ ಕೂತು ಅವನನ್ನೇ ಧರ್ಮಭ್ರಷ್ಟನೆಂದು ಹೊರಗೆ ಹಾಕಿತ್ತು. "ಸಾಕ್ಷಿ ಹೇಳೋನೇ ಹೊರಗಿದ್ದಾನೆ" ಎಂದರು ಅವರು. ನನಗೆ ರೇಗಿತು. ಅವರೇನು ಹೇಳಿದರು ಇವರೇನು ಹೇಳಿದರು ಎಂದು ಸಾಯುವುದು ಬಿಟ್ಟು ನೀವೇ ಹೇಳಿಬಿಡಿ, ಸಿಗುತ್ತೇವೆ ಎಂದು, ಗಟ್ಟಿಯಾಗಿ, ಇಲ್ಲೇ, ಈ ಕುರ್ಚಿಯ ಮೇಲೆ ಕೂತು. ಆ ಕಾಗದಕ್ಕೆ ಸಹಿ ಹಾಕಿಸಿಕೊಂಡವನು ಸತ್ತು ಎಷ್ಟೋ ಕಾಲವಾಯಿತು ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು.

"ನಾನು ಹೇಳಿದರೆ ಯಾರು ನಂಬ್ತಾರೆ? ನಾನೇ ನಂಬಲ್ಲ."

ಆ ವರ್ಷದ ಪ್ರಾಯಶ್ಚಿತ್ತದ ದಿನ ಮೇಷ್ಟ್ರು ಶಾಲೆಗೆ ಬರಲಿಲ್ಲ. ಪಾಠದ ಹೊತ್ತು ಮೀರಿದಾಗ ನಾನು ಹುಡುಕಿಕೊಂಡು ಹೊರಟೆ. ಅವರು ಅಕ್ಕನವರ ಪ್ರಾರ್ಥನಾಲಯದ ಮೆಟ್ಟಿಲ ಮೇಲೆ, ಒಳಗೆ ಹೋಗದೆ ಹೊರಗೂ ಇರದೆ ಕೂತಿದ್ದರು. ತುಟಿ ಒಣಗಿ ಬಿರಿದಿತ್ತು, ಹಿಂದಿನ ಸಂಜೆಯಿಂದ ನೀರು ಮುಟ್ಟಿರಲಿಲ್ಲ. ಮುಗಿದುಹೋದ ನೆರಳು ಎಂದು ಮೂವತ್ತು ವರ್ಷ ಬೋಧಿಸಿದ ಉಪವಾಸವನ್ನು ಅವರು ಮಾಡುತ್ತಿದ್ದರು. ಒಳಗಿಂದ ಅಕ್ಕನ ತಮ್ಮ ಬಂದರು. ಅಂಗಡಿಯನ್ನು ಈಗ ಒಬ್ಬರೇ ನಡೆಸುವವರು, ಅಕ್ಕನ ಹಾಗೆಯೇ ಅಗಲ ಹಣೆ. ಒಳಗೆ ಬನ್ನಿ ಭಾವ ಎಂದು ಕರೆದರು, ಇವರು ಏಳಲಿಲ್ಲ. ಪಕ್ಕದಲ್ಲೇ ಕೂತು ಅವರು ಮೆಲ್ಲಗೆ ಹೇಳಿದರು: "ಭಾವ, ಈ ದಿನ ದೇವರಿಗೆ ಮಾಡಿದ ತಪ್ಪಿಗೆ. ಮನುಷ್ಯರಿಗೆ ಮಾಡಿದ್ದಕ್ಕೆ ಇದು ನಡೆಯಲ್ಲ, ಅವರನ್ನೇ ಕೇಳಬೇಕು."

ಮೇಷ್ಟ್ರು ತಲೆಯೆತ್ತಿ ನೋಡಿದರು. ತಮ್ಮ ಸಭೆಯ ಆ ಒಂದೇ ಸಲದ ಬಲಿ, ಅಕ್ಕನವರ ವರ್ಷ ವರ್ಷದ ಉಪವಾಸ, ಎರಡೂ ಅಕ್ಕನ ಮಂಚದ ಹತ್ತಿರ ಬಂದು ಮುಂದೆ ಹೋಗಲಾರದೆ ನಿಂತುಬಿಟ್ಟವು. ಸತ್ತವರನ್ನು ಹೇಗೆ ಕೇಳುವುದು ಎಂದರು. ಅದಕ್ಕೂ ಒಂದು ಕ್ರಮವಿದೆ ಎಂದರು ಬಾಮೈದ. ಹತ್ತು ಮಂದಿಯನ್ನು ಕರೆದುಕೊಂಡು ಸಮಾಧಿಯ ಹತ್ತಿರ ಹೋಗಿ, ಅವರೆದುರು ಬಾಯಿಬಿಟ್ಟು ಹೇಳಬೇಕು, ಇವಳಿಗೆ ನಾನು ತಪ್ಪು ಮಾಡಿದೆ ಎಂದು. ಅಷ್ಟೇ.

ಮರುವಾರ ಹೋದೆವು. ಹತ್ತು ಜನರನ್ನು ಬಾಮೈದನೇ ಕೂಡಿಸಿದ್ದರು: ಗಡಿಯಾರ ರಿಪೇರಿಯವರು, ಒಬ್ಬ ಕನ್ನಡಕದ ಅಂಗಡಿಯವರು, ಔಷಧದಂಗಡಿಯ ಅಣ್ಣತಮ್ಮಂದಿರು, ನಿವೃತ್ತರು ಕೆಲವರು, ಎಲ್ಲರೂ ಕೆಲಸ ಬಿಟ್ಟು ಬಂದವರು, ಯಾರೂ ಯಾಕೆಂದು ಕೇಳಿರಲಿಲ್ಲ. ಅವರ ಧರ್ಮದವನಲ್ಲದ ನಾನು ಲೆಕ್ಕಕ್ಕೆ ಸೇರದವನು, ಸಮಾಧಿಗಳ ಎರಡು ಸಾಲು ಆಚೆ ನಿಂತೆ. ಬೂದು ಕಲ್ಲು, ಅದರ ಮೇಲೆ ಹೂವಿನ ಬದಲು ಯಾರೋ ಇಟ್ಟುಹೋದ ನಾಲ್ಕು ಹರಳುಕಲ್ಲು. ಮೇಷ್ಟ್ರು ಎದುರಿಗೆ ನಿಂತು ಬಾಯಿ ತೆರೆದರು. ಮಾತು ಬರಲಿಲ್ಲ. ಮುಚ್ಚಿ ಮತ್ತೆ ತೆರೆದರು. ಔಷಧದಂಗಡಿಯವರಲ್ಲಿ ಕಿರಿಯವನು ನೆಲ ನೋಡತೊಡಗಿದ. ಕೊನೆಗೆ ಬಾಮೈದ ಹತ್ತಿರ ಹೋಗಿ ಭುಜ ಹಿಡಿದುಕೊಂಡು, ನಾನು ಹೇಳಿದ ಹಾಗೆ ಹೇಳಿ ಭಾವ ಎಂದರು.

"ಇವಳಿಗೆ ನಾನು ತಪ್ಪು ಮಾಡಿದೆ."

"ಇವಳಿಗೆ ನಾನು ತಪ್ಪು ಮಾಡಿದೆ" ಎಂದರು ಮೇಷ್ಟ್ರು.

ಸ್ಪಷ್ಟವಾಗಿ, ಅಕ್ಷರ ತಪ್ಪದೆ, ಹಿಂದೆ ಮುಂದೆ ಏನೂ ಅಂಟಿಸದೆ. ಹತ್ತು ಜನರೂ ಏನೋ ಗುನುಗಿ, ಒಬ್ಬೊಬ್ಬರಾಗಿ ಅವರ ಕೈ ಮುಟ್ಟಿ, ತಮ್ಮ ತಮ್ಮ ಅಂಗಡಿಗಳಿಗೆ ಹೊರಟರು. ನನ್ನ ಎದೆಯ ಮೇಲಿನ ಭಾರವೂ ಇಳಿದಂತಾಯಿತು. ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಕೂತರು, ನಾನು ಪಕ್ಕದಲ್ಲಿ. ಮೂರು ನಿಲ್ದಾಣ ಕಳೆದ ಮೇಲೆ ನನ್ನ ಕಡೆ ತಿರುಗಿ, ಅದು ನಾನು ಹೇಳಿದ್ದೋ ಅವನು ಹೇಳಿದ್ದೋ ಎಂದು ಕೇಳಿದರು. ಹಿಂದೊಮ್ಮೆ ಸುಟ್ಟುಕೊಂಡ ನಾಲಿಗೆ ನನ್ನದು, ಈ ಸಲ ತಡಮಾಡಲಿಲ್ಲ. ನೀವೇ ಹೇಳಿದ್ದು, ನನ್ನ ಕಿವಿಯಾರೆ ಕೇಳಿದೆ ಎಂದೆ.

"ಹಾಗಂತ ನೀವು ಹೇಳ್ತೀರಿ" ಎಂದರು ಮೇಷ್ಟ್ರು.

ಮುಂದಿನ ವರ್ಷ ಅವರು ತೀರಿಕೊಂಡರು, ದೊಡ್ಡ ರೋಗವೇನೂ ಇಲ್ಲದೆ. ಶಾಲೆಯ ಸ್ಮಶಾನದಲ್ಲಿ, ಶಾಲೆಯ ಗೌರವದೊಂದಿಗೆ ಹೂಳಲಾಯಿತು. ಈಗಿನ ಪ್ರಾಂಶುಪಾಲರು ಓದಿದ ಶ್ರದ್ಧಾಂಜಲಿಯನ್ನು ಮೊದಲೇ ನನ್ನ ಕೈಗೆ ಕೊಟ್ಟು ಭಾಷೆ ನೋಡಲು ಹೇಳಿದ್ದರು. ಸ್ವಂತ ಅಭಿಪ್ರಾಯದ ಅಹಂಕಾರವನ್ನು ಸಂಪೂರ್ಣವಾಗಿ ತ್ಯಜಿಸಿದ ವಿದ್ವಾಂಸ ಎಂಬ ವಾಕ್ಯ ಅದರಲ್ಲಿತ್ತು. ವ್ಯಾಕರಣದ ತಪ್ಪೇನೂ ಇರಲಿಲ್ಲವಾದ್ದರಿಂದ ಹಾಗೆಯೇ ಬಿಟ್ಟೆ.

ಇಂಥವರು ಎಲ್ಲ ಶಾಲೆಗಳಲ್ಲೂ, ಎಲ್ಲ ಧರ್ಮಗಳಲ್ಲೂ, ಬಹುಶಃ ಎಲ್ಲ ಮನೆಗಳಲ್ಲೂ ಒಬ್ಬೊಬ್ಬರು ಇರುತ್ತಾರೆ. ಪರರ ಮಾತನ್ನು ಪರರದೆಂದು ಒಪ್ಪಿಕೊಂಡು, ಒಂದು ಅಕ್ಷರ ಕಳೆಯದೆ, ಒಂದು ಅಕ್ಷರ ಕೂಡಿಸದೆ, ಮುಂದಿನವರ ಕೈಗೆ ದಾಟಿಸುವವರು. ಅವರಿಲ್ಲದಿದ್ದರೆ ಲೈಬ್ರರಿಗಳು ಗೆದ್ದಲಿನ ಗೂಡಾಗುತ್ತಿದ್ದವು, ಸತ್ತವರು ಇನ್ನೊಮ್ಮೆ ಸಾಯುತ್ತಿದ್ದರು. ಅವರ ಪ್ರಾಮಾಣಿಕತೆಗೆ ಕೈ ಮುಗಿಯಬೇಕು, ನಾನು ಮುಗಿಯುತ್ತೇನೆ. ಆದರೆ ಬಾಳಿನಲ್ಲಿ ಒಮ್ಮೆ ಯಾರೋ ಒಬ್ಬರು ಅವರ ಎದುರು ಮಲಗಿ, ಗ್ರಂಥಗಳಿಗೆ ಗೊತ್ತಿಲ್ಲದ್ದನ್ನು ಕೇಳುತ್ತಾರೆ. ಅದಕ್ಕೆ ಆಧಾರ ಬೇಡ, ಬರಿಯ ಒಂದು ಹೌದು ಸಾಕು, ಅದು ಸುಳ್ಳಾದರೂ ನಡೆಯುತ್ತದೆ. ಲೋಕದ ಸಮಸ್ತ ವಾಕ್ಯಗಳನ್ನು ಜೋಪಾನ ಮಾಡಿದವರ ಬಳಿ ಆ ಒಂದು ಪದ ಇರುವುದಿಲ್ಲ, ಮತ್ತು ಇಲ್ಲವೆಂದು ಅವರಿಗೆ ಗೊತ್ತಾಗುವ ಹೊತ್ತಿಗೆ ಕೇಳಿದವರು ಇರುವುದಿಲ್ಲ.